ಹಿಂದಿನ ಸೀಟಿನವರು

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಚಹಾದಂಗಡಿಯಿದೆ. ಗಿರಾಕಿಗಳು ಕೂಡಲಿಕ್ಕೆಂದು ಅದರ ಮುಂದೆ ಹಳೆಯ ಮೋಟಾರು ಬಸ್ಸಿನ ಹಿಂದಿನ ಸೀಟೊಂದನ್ನು ಹಾಕಿದ್ದಾರೆ. ಆ ಮೋಟಾರು ಗುಜರಿಗೆ ಹೋದಾಗ ಅಂಗಡಿಯವನು ಸೀಟನ್ನಷ್ಟೇ ಬಿಚ್ಚಿಸಿಕೊಂಡು ಬಂದು, ಕೆಳಗೆ ಕಲ್ಲು ಜೋಡಿಸಿ ಇಟ್ಟುಕೊಂಡ. ಐದು ಮಂದಿ ಆರಾಮಾಗಿ ಕೂಡಬಹುದಾದ ಸೀಟು. ನಮ್ಮ ಕಡೆಯವರು ಏಳು ಮಂದಿ ಕೂಡುತ್ತಾರೆ, ಎಂಟನೆಯವನಿಗೂ ‘ಬರ್ರಿ, ಸರೀತೀವಿ’ ಅನ್ನುತ್ತಾರೆ. ನಾನು ಮಾತ್ರ ದಿನಾ ಅಲ್ಲಿ ನಿಂತೇ ಚಹಾ ಕುಡಿಯುತ್ತೇನೆ. ಪಾಪ, ಅಂಗಡಿಯವನು ನನಗೆ ಮೂಲವ್ಯಾಧಿ ಇದೆ ಎಂದು ತಿಳಿದಿದ್ದಾನೆ. ಒಂದು ಸಲ ಯಾವುದೋ ಬೇರಿನ ಔಷಧವನ್ನೂ ಹೇಳಿದ. ಅವನಿಗೆ ನಿಜ ಹೇಳಲಿಕ್ಕೆ ಹೋದರೆ ಚಹಾ ಆರಿಹೋಗುತ್ತದೆ. ಆದ್ದರಿಂದ ಇಲ್ಲಿ ಹೇಳುತ್ತೇನೆ.

ಆ ಸೀಟಿನ ಮಾತೆತ್ತಿದರೆ ಆ ಮೋಟಾರು ನಡೆಸುತ್ತಿದ್ದವರ ಮಾತೆತ್ತಬೇಕು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಅವರನ್ನು ಯಾರೂ ಹೆಸರಿನಿಂದ ಕರೆದವರಲ್ಲ, ಈಗೇಕೆ? ಮೋಟಾರು ನಡೆಸುವವನಿಗೆ ಉಸ್ತಾದ ಅನ್ನುವುದು ನಮ್ಮ ಸೀಮೆಯಲ್ಲಿ ನಿಜಾಮನ ಕಾಲದಿಂದ ಬಂದ ರೂಢಿ. ಲಾರಿ ಕಲಿತು ಮೂರು ದಿನವಾದವನಿಗೂ ಉಸ್ತಾದ ಅನ್ನುತ್ತೇವೆ. ಆದರೆ ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಬರೀ ‘ಉಸ್ತಾದ’ ಅಂದರೆ ಆಗ ಇವರೊಬ್ಬರೇ.

ರಾಜೇಶ್ವರದ ಒಕ್ಕಲುತನದ ಮನೆಯವರು. ಎತ್ತು ಹೊಡೆಯುವುದನ್ನು ಬಿಟ್ಟು ಲಾರಿಗಳ ಹಿಂದೆ ಹೋಗಿ ವಿದ್ಯೆ ಕಲಿತವರು. ಆಳು ಕುಳ್ಳು. ಸ್ಟೇರಿಂಗ್ ಹಿಂದೆ ಕೂತರೆ ಹೊರಗಿನವರಿಗೆ ರುಮಾಲು ಮಾತ್ರ ಕಾಣುತ್ತಿತ್ತು. ದನಗಳಿಗೆ ಹಾರ್ನ್ ಹೊಡೆಯುತ್ತಿರಲಿಲ್ಲ, ತಲೆ ಹೊರಗೆ ಹಾಕಿ ಬಾಯಿಯಿಂದಲೇ ‘ಹೋ, ಹೋ’ ಅನ್ನುತ್ತಿದ್ದರು. ಕುರಿಹಿಂಡು ಅಡ್ಡ ಬಂದರಂತೂ ಎಂಜಿನ್ನೇ ಬಂದ್ ಮಾಡಿ, ಕಟ್ಟಕಡೆಯ ಕುಂಟು ಮರಿ ರಸ್ತೆ ದಾಟುವವರೆಗೆ ಬಾಗಿಲ ಮೇಲೆ ಮೊಣಕೈ ಊರಿ ನೋಡುತ್ತ ಕೂಡುತ್ತಿದ್ದರು. ಬುತ್ತಿಯಲ್ಲಿ ಕಟಕು ರೊಟ್ಟಿ, ಶೇಂಗಾ ಹಿಂಡಿ. ಗಂಟು ಬಿಚ್ಚಿದ ಕೂಡಲೇ ಮೊದಲನೆಯ ರೊಟ್ಟಿ ಪಕ್ಕದವರ ಕೈಗೆ. ಬೇಡ ಅಂದರೆ ಅವರೂ ತಿನ್ನುತ್ತಿರಲಿಲ್ಲ, ಹೀಗಾಗಿ ಹಸಿವಿಲ್ಲದಾಗಲೂ ನಾನು ಎಷ್ಟೋ ರೊಟ್ಟಿ ತಿಂದಿದ್ದೇನೆ.

ನಮ್ಮ ಮೋಟಾರ್ ಸರ್ವಿಸು ಇಬ್ಬರು ಅಣ್ಣತಮ್ಮಂದಿರದು. ಕಲ್ಯಾಣಕ್ಕೆ ಬಸವಕಲ್ಯಾಣ ಎಂಬ ಹೆಸರು ಬಂದ ಹೊಸದರಲ್ಲಿ ಇಬ್ಬರೂ ಸೇರಿ ಒಂದು ಮೋಟಾರು ತಂದು, ಅಲ್ಲಿಂದ ರಾಜೇಶ್ವರದ ಮೇಲೆ ಹುಮನಾಬಾದಿಗೆ ಓಡಿಸತೊಡಗಿದರು. ಅಣ್ಣ ಬಸವಕಲ್ಯಾಣದಲ್ಲಿ ಕೂಡುವುದು, ತಮ್ಮ ಹುಮನಾಬಾದಿನಲ್ಲಿ. ನಾವು ದೊಡ್ಡ ಸಾವಕಾರರು, ಸಣ್ಣ ಸಾವಕಾರರು ಅನ್ನುತ್ತಿದ್ದೆವು. ಕೆಲವು ವರ್ಷಗಳ ಮೇಲೆ ನಾನು ಕಂಡಕ್ಟರನಾಗಿ ಸೇರುವ ಹೊತ್ತಿಗೆ ಅವರಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಮನೆಯ ಮದುವೆಯೊಂದರಲ್ಲಿ ಯಾರ ಹೆಂಡತಿಗೆ ಮೊದಲು ಆಯೇರಿಯ ಸೀರೆ ಕೊಟ್ಟರು ಎಂಬುದರ ಮೇಲೆ ಹುಟ್ಟಿದ ಜಗಳವಂತೆ. ಒಲೆ ಬೇರೆಯಾಯಿತು, ಹೊಲ ಬೇರೆಯಾಯಿತು. ಪರ್ಮಿಟ್ ಇಬ್ಬರ ಹೆಸರಿನಲ್ಲೂ ಇದ್ದುದರಿಂದ ಮೋಟಾರು ಮಾತ್ರ ಬೇರೆಯಾಗಲಿಲ್ಲ. ಆ ಜಗಳವನ್ನು ದಿನಾ ಅತ್ತಿಂದಿತ್ತ ಹೊತ್ತು ತಿರುಗುವುದು ನಮ್ಮ ಪಾಲಿಗೆ ಬಂತು.

ದೊಡ್ಡ ಸಾವಕಾರರಿಗೆ ಟೈಮಿನ ಹುಚ್ಚು. ಮೋಟಾರು ಹೇಳಿದ ಹೊತ್ತಿಗೆ ಬಿಡದಿದ್ದರೆ ಊರಿನಲ್ಲಿ ತಮ್ಮ ಇಜ್ಜತ್ ಹೋಯಿತು ಅನ್ನುತ್ತಿದ್ದರು. ಸಣ್ಣ ಸಾವಕಾರರಿಗೆ ಸೀಟಿನ ಹುಚ್ಚು. ಗಾಳಿ ಹೊತ್ತು ತರಲಿಕ್ಕೆ ಮೋಟಾರೇ ಯಾಕೆ ಬೇಕು, ಅದು ತಾನೇ ಬರುತ್ತದೆ ಅನ್ನುತ್ತಿದ್ದರು. ಸಂಜೆ ಬಸವಕಲ್ಯಾಣದಿಂದ ಹೊರಡುವ ಗಾಡಿಗೆ ಇಬ್ಬರದೂ ಹುಕುಂ ಇರುತ್ತಿತ್ತು: ಅಣ್ಣನದು ಟೈಮಿಗೆ ಬಿಡು ಎಂದು, ತಮ್ಮನದು ತುಂಬುವವರೆಗೆ ಬಿಡಬೇಡ ಎಂದು. ಟೈಮಿಗೆ ಬಿಟ್ಟರೆ ಸಂಜೆ ಹುಮನಾಬಾದಿನಲ್ಲಿ ಬೈಗಳು, ತಡೆದು ಬಿಟ್ಟರೆ ಮರುದಿನ ಬಸವಕಲ್ಯಾಣದಲ್ಲಿ ಬೈಗಳು. ಬೈಸಿಕೊಳ್ಳುವ ಊರು ಯಾವುದು ಎಂಬುದಷ್ಟೇ ನಮ್ಮ ಕೈಯಲ್ಲಿತ್ತು.

ಇಂಥಲ್ಲಿ ನೌಕರಿ ಮಾಡುವವರು ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿಕೊಳ್ಳುತ್ತಾರೆ. ಉಸ್ತಾದರಿಗಿಂತ ಮೊದಲಿದ್ದ ಡ್ರೈವರನದು ಸುಲಭದ ದಾರಿ. ಯಾವ ಸಾವಕಾರ ಕಣ್ಣೆದುರಿಗಿರುತ್ತಾನೋ ಅವನೇ ಸಾವಕಾರ, ಇನ್ನೊಬ್ಬ ಹುಟ್ಟಿಯೇ ಇಲ್ಲ. ನಮ್ಮ ಕ್ಲೀನರನಿಗೆ ಹುಕುಂ ಎರಡಾದ ದಿನವೇ ಹೊಟ್ಟೆನೋವು ಬರುತ್ತಿತ್ತು, ಮೋಟಾರು ಹೊರಟ ಮೇಲೆ ತಾನೇ ಹೋಗುತ್ತಿತ್ತು. ನನ್ನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ವಿದ್ಯೆ. ಅಣ್ಣನ ಮುಂದೆ ‘ಟೈಮಿಗೇ ಬಿಟ್ಟಿದ್ವಿರಿ, ದಾರ್ಯಾಗ ಹಿಂಡು ಅಡ್ಡ ಬಂತು’ ಅನ್ನುವುದು, ತಮ್ಮನ ಮುಂದೆ ‘ಎಲ್ಲಾ ಸೀಟು ತುಂಬಿತ್ತರಿ, ರಾಜೇಶ್ವರದಾಗ ಇಳದ್ರು’ ಅನ್ನುವುದು. ಮೋರಖಂಡಿಯಿಂದ ದುಬಲಗುಂಡಿಯವರೆಗಿನ ಕುರಿಗಳೆಲ್ಲ ನನ್ನ ಸುಳ್ಳಿನಲ್ಲಿ ಒಂದೊಂದು ಸಲವಾದರೂ ರಸ್ತೆ ದಾಟಿರಬೇಕು.

ಉಸ್ತಾದ ಬಂದವರೇ ಇದ್ಯಾವುದನ್ನೂ ಮಾಡಲಿಲ್ಲ. ಮೊದಲನೆಯ ದಿನವೇ ನಾನು ಎರಡೂ ಹುಕುಂ ಒಪ್ಪಿಸಿ, ಇವರು ಎತ್ತ ವಾಲುತ್ತಾರೆ ನೋಡೋಣ ಎಂದು ನಿಂತೆ. ಅವರು ರುಮಾಲು ಸರಿಮಾಡಿಕೊಂಡು, ಡ್ರೈವರ್ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಹಿಂದುಮುಖವಾಗಿ ಕೂತು, ಟಿಕೀಟು ತೆಗೆಸಿ ಕೂತ ಸವಾರಿಗಳನ್ನೇ ಕೇಳಿದರು. ಟೈಮ್ ಆಗಿದೆ, ಬಿಡು ಅಂತ ಒಬ್ಬ ಮಾಲಕರು. ಇನ್ನಷ್ಟು ಮಂದಿ ಬರಲಿ ಅಂತ ಇನ್ನೊಬ್ಬ ಮಾಲಕರು. ಕೂತವರು ನೀವು, ನೀವು ಏನಂತೀರಿ? ಮೋಟಾರಿನಲ್ಲಿ ಕೂತವನನ್ನು ಯಾರಾದರೂ ಏನಾದರೂ ಕೇಳುತ್ತಾರೆ ಎಂಬುದೇ ಅವರಿಗೆ ಹೊಸದು. ಆಮೇಲೆ ಒಬ್ಬಳು ಮುದುಕಿ, ನನ್ನ ಮೊಮ್ಮಗ ಜಿಲೇಬಿ ತರಲಿಕ್ಕೆ ಹೋಗಿದ್ದಾನೆ, ಅವನು ಬಂದ ಮೇಲೆ ಬಿಡು ಅಂದಳು. ಎಲ್ಲರೂ ನಕ್ಕರು. ಮೊಮ್ಮಗ ಬಂದ, ಮೋಟಾರು ಬಿಟ್ಟಿತು, ಜಿಲೇಬಿಯಲ್ಲಿ ಒಂದು ಸುತ್ತು ಉಸ್ತಾದರಿಗೂ ಬಂತು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಬಸವಕಲ್ಯಾಣದ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಮೋಟಾರಿನಲ್ಲಿ ದಿನಾ ಒಂದು ಪಂಚಾಯ್ತಿ. ಹುಮನಾಬಾದಿನಲ್ಲಿ ದುಬಲಗುಂಡಿಯ ಗಾಡಿ ಹಿಡಿಯಬೇಕಾದವರು ‘ಬಿಡ್ರಿ’ ಅನ್ನುವರು, ಅಂಗಡಿಯಲ್ಲಿ ಸಾಮಾನು ಕಟ್ಟಿಸಲಿಕ್ಕೆ ಹಾಕಿ ಬಂದವರು ‘ನಿಲ್ರಿ’ ಅನ್ನುವರು, ಚೌಕಾಶಿ ನಡೆಯುವುದು, ಕಡೆಗೆ ಒಂದು ಮಾತಿಗೆ ಬರುವರು. ದಿನಾ ಓಡಾಡುತ್ತಿದ್ದ ಮಾಸ್ತರರೊಬ್ಬರು ನಮ್ಮ ಅನುಭವ ಮಂಟಪಕ್ಕೆ ಈಗ ಗಾಲಿ ಬಂದಿವೆ ಎಂದು ನಗಿಸುತ್ತಿದ್ದರು. ಉಸ್ತಾದರಿಗೆ ಅದು ತಮಾಷೆ ಅನಿಸುತ್ತಿರಲಿಲ್ಲ. ಐದು ಮಂದಿ ಕೂಡಿ ಹೇಳಿದ್ದು ದೇವರು ಹೇಳಿದಂಗ ಅನ್ನುವುದು ಅವರ ಖಾಯಂ ಮಾತು. ಅದನ್ನು ಅವರು ಪೂರಾ ನಂಬಿದ್ದರು.

ದೊಡ್ಡ ಸಾವಕಾರರು ಒಮ್ಮೆ ಕರೆದು, ಮೋಟಾರಿಗೆ ಮಾಲಕರು ನಾವೋ ಮಂದಿಯೋ ಎಂದು ಕೇಳಿದರು. ಉಸ್ತಾದ ಕೈಮುಗಿದೇ ಹೇಳಿದರು:

“ಮಾಲಕರು ನೀವಾ ಅದೀರಿ. ಖರೇ, ಮೋಟಾರದಾಗ ನೀವು ಕೂಡೂದಿಲ್ಲಲ್ರಿ.”

ಗಾಡಿಯನ್ನು ಇಷ್ಟು ಚೆನ್ನಾಗಿ ಇಟ್ಟುಕೊಳ್ಳುವ ಡ್ರೈವರು ಬೇರೆ ಸಿಗುವುದಿಲ್ಲವೆಂದು ಇಬ್ಬರೂ ಸಾವಕಾರರು ಹಲ್ಲು ಕಚ್ಚಿ ಸುಮ್ಮನಿದ್ದರು. ನಮಗೂ ನಿರಾಳವಾಯಿತು. ಬೈಸಿಕೊಂಡರೂ ‘ಮಂದಿ ಹೇಳಿದ್ರರಿ’ ಎನ್ನಲಿಕ್ಕೆ ಬರುತ್ತಿತ್ತು. ಕ್ಲೀನರನ ಹೊಟ್ಟೆನೋವು ವಾಸಿಯಾಯಿತು. ನನ್ನ ಕುರಿಗಳಿಗೂ ವಿಶ್ರಾಂತಿ ಸಿಕ್ಕಿತು. ಹೀಗೆ ವರ್ಷಗಳು ನಡೆದವು, ಸುಖದ ವರ್ಷಗಳೇ ಎನ್ನಬೇಕು.

ಒಂದು ಚಳಿಗಾಲದ ಸಂಜೆ ಸಣ್ಣ ಸಾವಕಾರರಿಂದ ಖಬರು ಬಂದಿತ್ತು: ಬಸವಕಲ್ಯಾಣದಲ್ಲಿ ನಿಶ್ಚಯ ಮುಗಿಸಿಕೊಂಡು ದೊಡ್ಡ ಬೀಗರ ಗುಂಪೊಂದು ಬರುತ್ತದೆ, ಅವರನ್ನು ಬಿಟ್ಟು ಬರಬೇಡ. ದೊಡ್ಡ ಸಾವಕಾರರದು ಎಂದಿನಂತೆ ಟೈಮಿಗೆ ಬಿಡು ಎಂದು. ಉಸ್ತಾದ ಬಾನೆಟ್ಟಿನ ಮೇಲೆ ಕೂತು ಪಂಚಾಯ್ತಿ ಸುರುಮಾಡಿದರು. ದುಬಲಗುಂಡಿಯ ಹೆಂಗಸೊಬ್ಬಳು ಜೋರಾಗಿ ವಾದಿಸಿದಳು, ನನಗೆ ಮುಂದಿನ ಗಾಡಿ ತಪ್ಪಿದರೆ ರಾತ್ರಿ ನೀವು ಉಣ್ಣಿಸುತ್ತೀರಾ ಎಂದು. ಮಾಸ್ತರರು ಸಂಧಾನಕ್ಕೆ ನಿಂತರು. ಬೀಗರು ಬರುವವರೆಗೆ ಕಾಯುವುದು, ಹುಮನಾಬಾದಿಗೆ ಹೇಳಿಕಳಿಸಿ ದುಬಲಗುಂಡಿಯ ಗಾಡಿಯನ್ನು ತಡೆದು ನಿಲ್ಲಿಸುವುದು ಉಸ್ತಾದರ ಜವಾಬುದಾರಿ, ಅದು ತಪ್ಪಿದರೆ ಆ ಹೆಂಗಸಿಗೆ ರಾತ್ರಿ ಉಸ್ತಾದರ ಖರ್ಚಿನಲ್ಲೇ ಊಟ. ಆಕೆಯೂ ನಕ್ಕುಬಿಟ್ಟಳು. ಎಲ್ಲರಿಗೂ ಒಪ್ಪಿಗೆಯೇನು ಎಂದು ಉಸ್ತಾದ ಕೇಳಿದರು. ಮೋಟಾರು ತುಂಬ ‘ಹೌದ್ರಿ’ ಎಂದಿತು. ಅಷ್ಟು ಚಂದದ ನ್ಯಾಯ ಹಿಂದೆಂದೂ ಆಗಿರಲಿಲ್ಲ. ಉಸ್ತಾದರ ಮುಖ ಹಿಗ್ಗಿನಿಂದ ಅರಳಿದ್ದು ನನಗೆ ಇನ್ನೂ ಕಣ್ಣಮುಂದಿದೆ.

ಬೀಗರು ಬಂದರು, ಮಾತುಕತೆ, ವೀಳ್ಯ, ಗಂಟುಮೂಟೆ ಎಲ್ಲ ಆಗಿ ಕತ್ತಲು ಕವಿಯುವಾಗ ಹೊರಟೆವು. ದುಬಲಗುಂಡಿಯ ಗಾಡಿಯೂ ಸಿಕ್ಕಿತು. ಆ ಹೆಂಗಸು ಇಳಿಯುವಾಗ ಉಸ್ತಾದರನ್ನು ಹರಸಿಯೇ ಹೋದಳು.

ಆಮೇಲೆ ನಾಲ್ಕೈದು ದಿನ ಕಳೆದಿರಬೇಕು. ಬೆಳಿಗ್ಗೆ ಹುಮನಾಬಾದಿನಿಂದ ಹೊರಟಾಗ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಒಬ್ಬ ವಯಸ್ಸಾದ ಮನುಷ್ಯ ಕೂತಿದ್ದ. ಮೋರಖಂಡಿಯ ಕಡೆಯ ಕುರಿಗಾರ. ಅವನ ಹಿಂಡಿಗೆ ಎಷ್ಟೋ ಸಲ ಎಂಜಿನ್ ಬಂದ್ ಮಾಡಿದ ಗುರುತು ಉಸ್ತಾದರಿಗಿತ್ತು. ಬಸವಕಲ್ಯಾಣದಲ್ಲಿ ಎಲ್ಲರೂ ಇಳಿದರು, ಅವನು ಮಾತ್ರ ಇಳಿಯಲಿಲ್ಲ, ಇಳಿಯುವುದನ್ನು ಮರೆತಂತೆ ಕೂತೇ ಇದ್ದ. ಉಸ್ತಾದ ಹಿಂದೆ ಹೋಗಿ, ಏನು ಯಜಮಾನ, ಅವತ್ತು ಸಂಜೆ ನಮ್ಮ ಗಾಡಿಯಲ್ಲೇ ಹೋಗಿದ್ದೆಯಲ್ಲ, ನಿನ್ನ ಬೀಗರ ಊರಿನಲ್ಲಿ ಉಂಡು ಮೈಬಂತೇನು ಎಂದು ಚೇಷ್ಟೆ ಮಾಡಿದರು.

“ಮಗಳು ಹ್ವಾದ್ಳರಿ,” ಅಂದ ಅವನು.

ಬಾಣಂತಿತನ. ಹೆರಿಗೆ ಕಷ್ಟವಾಗಿ ಗಂಡನ ಮನೆಯವರು ಹುಮನಾಬಾದಿನ ದವಾಖಾನೆಗೆ ತಂದಿದ್ದರು, ಅವನಿಗೆ ಅವತ್ತು ಮಧ್ಯಾಹ್ನ ಹೇಳಿಕಳಿಸಿದ್ದರು. ಕೂಸು ಆರಾಮ ಇದೆ ಎಂದ. ಮಗಳು ಮಾತ್ರ ಇವನು ಹೋಗಿ ಮುಟ್ಟುವುದಕ್ಕೆ ತುಸು ಮೊದಲು ಹೋಗಿಬಿಟ್ಟಿದ್ದಳು. ಅಪ್ಪ ಬಂದನೇನು ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದಳಂತೆ. ಇದನ್ನೆಲ್ಲ ಅವನು ಅಳದೆ, ಬೇರೆ ಯಾರದೋ ಮಾತು ಹೇಳುವಂತೆ ಹೇಳಿದ.

ಉಸ್ತಾದ ಸೀಟಿನ ಸರಳು ಹಿಡಿದುಕೊಂಡರು. “ಅವತ್ತ ಎಲ್ಲಾರನೂ ಕೇಳಿದೆನಲ್ಲೋ ಯಪ್ಪಾ. ಒಂದ ಮಾತು ಯಾಕ ಹೇಳ್ಲಿಲ್ಲ?”

“ಅಷ್ಟು ಮಂದಿ ಹೌದಂದ್ರು ಉಸ್ತಾದ. ನೀವೂ ಖುಷಿಲೆ ನಗಾಕತ್ತಿದ್ರಿ. ನಾ ಒಬ್ಬವ ಒಲ್ಲೆ ಅಂದು ಹ್ಯಾಂಗ ಕೆಡಸ್ಲಿ? ನಾನೂ ಹೌದ್ರಿ ಅಂದೆ.”

ಆ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಉಸ್ತಾದರಿಗೆ ತಡೆದುಕೊಳ್ಳಲಿಕ್ಕೆ ಬರುತ್ತಿತ್ತು ಅನಿಸುತ್ತದೆ. ಕುರಿಗಾರ ಕಂಬಳಿ ಸರಿಮಾಡಿಕೊಂಡು ಇಳಿದು ಮೋರಖಂಡಿಯ ದಾರಿ ಹಿಡಿದ. ಉಸ್ತಾದ ಅವನು ಕೂತಿದ್ದ ಜಾಗದಲ್ಲಿ ಕೂತರು. ನಾನು ಚಹಾ ತಂದುಕೊಟ್ಟೆ, ಕುಡಿಯಲಿಲ್ಲ. ತಪ್ಪು ನಿಮ್ಮದಲ್ಲ, ಆ ಇಬ್ಬರು ಸಾವಕಾರರ ಜಗಳದ್ದು ಅಂದೆ. ಅದು ನಿಜವೂ ಹೌದು, ಇವತ್ತಿಗೂ ಅದೇ ಅನ್ನುತ್ತೇನೆ. ಅವರು ತಲೆ ಅಲ್ಲಾಡಿಸಿದರು. ಸಾವಕಾರರು ಕೇಳೂದಿಲ್ಲ ಅನ್ನೂದು ಎಲ್ಲರಿಗೂ ಗೊತ್ತಿತ್ತು, ನಾ ಕೇಳ್ತೀನಿ ಅಂತ ಅಲ್ಲವೇ ಅವನು ನನ್ನ ಗಾಡಿ ಹತ್ತಿದ್ದು ಅಂದರು. ಆರಿದ ಚಹಾವನ್ನು ನಾನು ಹೊರಗೆ ಚೆಲ್ಲಿ ಬಂದೆ.

ಪಂಚಾಯ್ತಿ ಅಂದೇ ನಿಂತಿತು. ಮರುದಿನ ಸಂಜೆ ಸವಾರಿಗಳು ವಾಡಿಕೆಯಂತೆ ಕಾಯುತ್ತಿದ್ದರು, ಏನು ಉಸ್ತಾದ, ಇವತ್ತು ನ್ಯಾಯ ಇಲ್ಲವೇನು ಎಂದು ಕರೆದರು. ಅವರು ಬಾನೆಟ್ಟಿನ ಮೇಲೆ ಕೂಡಲಿಲ್ಲ. ಕಟ್ಟಕಡೆಯ ಸೀಟಿನಿಂದ ಸುರುಮಾಡಿ, ಪ್ರತಿಯೊಬ್ಬರ ಹತ್ತಿರ ಬಗ್ಗಿ, ಇನ್ನೊಬ್ಬರಿಗೆ ಕೇಳದ ಹಾಗೆ ಕಿವಿಯಲ್ಲಿ ಕೇಳುತ್ತ ಬಂದರು: “ನಿಮಗ ಏನರ ಅವಸರ ಅದ ಏನ್ರಿ?” ಮುದುಕರಿಗೆ ಎರಡೆರಡು ಸಲ ಕೇಳಿದರು. ಹೆಂಗಸರ ಹತ್ತಿರ ಬಗ್ಗದೆ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಕೇಳಿದರು. ನಗಬೇಕೆಂದವರು ಆ ಮುಖ ನೋಡಿ ನಗಲಿಲ್ಲ. ಒಬ್ಬನೇ ಒಬ್ಬ ಹೌದು ಅಂದರೂ ಯಾವ ಸಾವಕಾರರ ಹುಕುಂ ಏನೇ ಇರಲಿ, ಮೋಟಾರು ಹೊರಡುತ್ತಿತ್ತು. ಯಾರು ಹೌದು ಅಂದರು ಎಂಬುದನ್ನು ನನಗೂ ಹೇಳುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, ಹೇಳಿದರೆ ನಾಳೆ ಅವನು ಹೇಳುವುದಿಲ್ಲ ಅಂದರು.

ಇದರಿಂದ ಇಬ್ಬರು ಸಾವಕಾರರಿಗೂ ಮೈಯುರಿಯಿತು. ಮಂದಿಯ ಹೆಸರು ಹೇಳಿದಾಗ ಮಂದಿಗೆ ಅಂಜಿ ಸುಮ್ಮನಿದ್ದರು. ಹೆಸರಿಲ್ಲದ ಒಬ್ಬನ ಸಲುವಾಗಿ ಅಂದರೆ ಹೇಗೆ ಸುಮ್ಮನಿರುತ್ತಾರೆ? ಒಂದು ಸಂಜೆ ಸಣ್ಣ ಸಾವಕಾರರ ಹೆಂಡತಿಯ ತವರಿನವರೇ ಮರದ ಕೆಳಗೆ ಉಳಿದುಬಿಟ್ಟರು. ಬೇರೆ ಯಾರಿಗೂ ಅವಸರವಿಲ್ಲದ ಇನ್ನೊಂದು ದಿನ, ಔಷಧ ತರುತ್ತೇನೆ, ಬಿಟ್ಟು ಹೋಗಬೇಡ ಎಂದ ಮುದುಕಿಯೊಬ್ಬಳಿಗಾಗಿ ದೊಡ್ಡ ಸಾವಕಾರರ ಕಣ್ಣೆದುರಿಗೇ ಟೈಮು ಮೀರಿತು. ಮಾತು ಕೇಳದ ಡ್ರೈವರು ಎಂದು ಎರಡೂ ಊರಿನಲ್ಲಿ ಮಾತಾಯಿತು.

ನಾನು ಮಾತ್ರ ನಿಶ್ಚಿಂತೆಯಿಂದ ಇದ್ದೆ. ಅಷ್ಟು ವರ್ಷದ ನೌಕರಿಯಲ್ಲಿ ಒಂದು ಪಾಠ ಕಲಿತಿದ್ದೆ: ಅಣ್ಣ ಬೇಡ ಅಂದದ್ದನ್ನು ತಮ್ಮ ಬೇಕು ಅನ್ನುತ್ತಾನೆ. ಒಂದು ಬೆಳಿಗ್ಗೆ ದೊಡ್ಡ ಸಾವಕಾರರು ನನ್ನನ್ನು ಕರೆದು, ಆ ಡ್ರೈವರನನ್ನು ಬಿಡಿಸಿಬಿಡಬೇಕು ಎಂದು ಹುಮನಾಬಾದಿನಲ್ಲಿ ಹೇಳು ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನು ಸಣ್ಣವರು ಉಸ್ತಾದರನ್ನು ಪ್ರಾಣ ಹೋದರೂ ಬಿಡಿಸುವುದಿಲ್ಲ ಅಂದುಕೊಂಡು, ದಾರಿಯಲ್ಲಿ ಆ ಮಾತಿಗೆ ಇನ್ನಷ್ಟು ಖಾರ ಹಚ್ಚಿಕೊಂಡೇ ಹೋಗಿ ಹೇಳಿದೆ. ಸಣ್ಣ ಸಾವಕಾರರು ಎಲೆಯಡಿಕೆ ಉಗುಳಿ ಬಂದು, ನಾನೂ ಅದನ್ನೇ ಹೇಳಿಕಳಿಸಬೇಕೆಂದಿದ್ದೆ ಅಂದರು.

ಎರಡೂ ಕಡೆಯಿಂದ ಒಂದೇ ಮಾತು ಬಂದದ್ದು ಅದೊಂದೇ ಸಲ. ಅದನ್ನು ಉಸ್ತಾದರಿಗೆ ಮುಟ್ಟಿಸಬೇಕಾದವನು ನಾನು. ಮುಟ್ಟಿಸಿದೆ. ಅವರು ರುಮಾಲು ತೆಗೆದು ಸ್ಟೇರಿಂಗನ್ನು ಒರೆಸಿದರು, ಚಾವಿಯನ್ನು ಕ್ಲೀನರನ ಕೈಗೆ ಕೊಟ್ಟರು. ಅವನು ಅಷ್ಟು ಹೊತ್ತಿಗೆ ಅವರ ಕೈಕೆಳಗೇ ಗಾಡಿ ಕಲಿತು ಲೈಸೆನ್ಸು ತೆಗೆಸಿದ್ದ. ಅಳುತ್ತಿದ್ದ ಅವನಿಗೆ ಹಿಂದಿನ ಸೀಟು ಮರೀಬ್ಯಾಡ ಅಂದರು. ನನ್ನ ಕಡೆ ತಿರುಗಿ, “ಇಬ್ಬರೂ ಒಂದು ಮಾತಿಗೆ ಬಂದ್ರಲ್ಲ, ಛಲೋ ಆತು ಬಿಡು,” ಅಂದರು. ವ್ಯಂಗ್ಯವಾಗಿ ಅನ್ನಲಿಲ್ಲ. ಮನಸಾರೆ ಅಂದರು.

ಆಮೇಲೆ ಅವರು ರಾಜೇಶ್ವರದಲ್ಲಿ ಯಾರದೋ ಟ್ರ್ಯಾಕ್ಟರ್ ಹೊಡೆದುಕೊಂಡಿದ್ದರು. ಮನೆ ರಸ್ತೆಗೇ ಕಾಣುತ್ತದೆ. ನಮ್ಮ ಗಾಡಿ ನಿಂತಾಗ ಕೆಲವೊಮ್ಮೆ ಬಂದು ಗಾಲಿಯನ್ನು ಕಾಲಿನಿಂದ ಒತ್ತಿ ಹವಾ ನೋಡುವರು, ನನ್ನ ಕೈಗೆ ಒಂದು ರೊಟ್ಟಿ ಕೊಡುವರು, ಹೋಗುವರು. ಅವರ ಪದ್ಧತಿ ಅವರೊಂದಿಗೇ ಹೋಯಿತು. ಹೊಸ ಡ್ರೈವರನಾದ ನಮ್ಮ ಕ್ಲೀನರನಿಗೆ ಹೊಟ್ಟೆನೋವು ಮತ್ತೆ ಸುರುವಾಯಿತು. ಹೆಂಡತಿ ಮಕ್ಕಳಿರುವವನು, ಅಂಜಿಕೊಂಡು ಎದುರಿಗಿದ್ದ ಸಾವಕಾರರ ಮಾತು ಕೇಳುತ್ತ ದಿನ ತಳ್ಳಿದ. ಅವನನ್ನು ನಾನು ಬಯ್ಯುವುದಿಲ್ಲ. ನನಗೂ ವಯಸ್ಸಾಗಿ, ಹುಮನಾಬಾದಿನ ಬುಕಿಂಗ್ ಕಿಟಕಿಯ ಹಿಂದೆ ಕೂಡಿಸಿದರು.

ಹೀಗೆ ಕೆಲವು ವರ್ಷಗಳಾದ ಮೇಲೆ ಒಂದು ದಿನ ಉಸ್ತಾದ ಟ್ರ್ಯಾಕ್ಟರಿನ ಬೆಲ್ಟು ತರಲಿಕ್ಕೆಂದು ಬಸವಕಲ್ಯಾಣಕ್ಕೆ ಹೋಗಿದ್ದರು. ಅಲ್ಲಿ ಎದೆ ಹಿಡಿದುಕೊಂಡಿತು. ನೋಡಿದ ಡಾಕ್ಟರರು ತಡ ಮಾಡದೆ ಹುಮನಾಬಾದಿನ ದವಾಖಾನೆಗೆ ಹೋಗು ಅಂದರಂತೆ. ಒಬ್ಬರೇ ನಡೆದು ಬಂದು ಸಂಜೆಯ ಗಾಡಿ ಹತ್ತಿ, ಹಿಂದಿನ ಸೀಟಿನಲ್ಲಿ ಕೂತರು. ಅವತ್ತು ದೊಡ್ಡ ಸಾವಕಾರರು ಊರಿನಲ್ಲಿರಲಿಲ್ಲ. ಟೈಮಿಗೆ ಬಿಡು ಎಂದು ಹೇಳಿ ಹೋಗಿದ್ದರು. ಸಂತೆಯ ವ್ಯಾಪಾರಿಗಳು ಬರುತ್ತಾರೆ, ಕಾದಿರು ಎಂದು ಸಣ್ಣವರು ಹೇಳಿಕಳಿಸಿದ್ದರು. ಟೈಮು ಆಗಿಹೋಗಿತ್ತು. ಡ್ರೈವರು ಕಾಯುತ್ತಿದ್ದ. ಮುಂದಿನದನ್ನು ಅವನೇ ನನಗೆ ಹೇಳಿದ್ದು, ಒಂದು ಸಲವಲ್ಲ, ಹತ್ತು ಸಲ. ಪ್ರತಿ ಸಲವೂ ಅತ್ತಿದ್ದಾನೆ.

ಗುರುವನ್ನು ಕಂಡು ಓಡಿಹೋಗಿ ಕಾಲು ಮುಟ್ಟಿದನಂತೆ. ಅವರ ಮುಂದೆ ಸುಮ್ಮನೆ ಕಾಯುವುದಕ್ಕೆ ನಾಚಿಕೆಯಾಗಿ, ಬಿಡಲೇನು ಉಸ್ತಾದ ಎಂದು ಕೇಳಿದನಂತೆ.

“ನನ್ನೊಬ್ಬನ್ನ ಯಾಕ ಕೇಳ್ತಿ?” ಅಂದರಂತೆ. “ಎಲ್ಲಾರನೂ ಕೇಳು. ಒಬ್ಬೊಬ್ಬರನ್ನ ಕೇಳು.”

ಅವನಿಗೆ ಹಳೆಯ ಹುರುಪು ಬಂತು. ಉಸ್ತಾದ ನೋಡುತ್ತಿದ್ದಾರೆ ಎಂದು, ಮುಂದಿನ ಸೀಟಿನಿಂದ ಹಿಡಿದು ಒಬ್ಬೊಬ್ಬರ ಕಿವಿಯಲ್ಲಿ ಕೇಳುತ್ತ ಬಂದ. ಉಸ್ತಾದ ಹಿಂದಿನಿಂದ ಸುರುಮಾಡುತ್ತಿದ್ದರು ಎಂಬುದು ಅವನಿಗೆ ನೆನಪಾಗಲಿಲ್ಲ. ಜನ ಬಹಳ ದಿನದ ಮೇಲೆ ಯಾರೋ ಕೇಳಿದರೆಂದು ಸಾವಕಾಶವಾಗಿ ಉತ್ತರ ಕೊಟ್ಟರು, ಮನೆಯ ಸುದ್ದಿ ಹೇಳಿದರು. ಯಾರಿಗೂ ಅವಸರವಿರಲಿಲ್ಲ. ಕಟ್ಟಕಡೆಗೆ ಹಿಂದಿನ ಸೀಟಿಗೆ ಬಂದು, ನಗುತ್ತ, ಉಸ್ತಾದರ ಕಿವಿಯ ಹತ್ತಿರ ಬಗ್ಗಿ ಅವರದೇ ಧಾಟಿಯಲ್ಲಿ ಕೇಳಿದ.

“ಹೂಂ. ನನಗ ಅವಸರ ಅದಪಾ,” ಅಂದರಂತೆ.

ಚೇಷ್ಟೆ ಅಂದುಕೊಂಡು ಅವನು ನಕ್ಕ. ಆಮೇಲೆ ಅವರ ಅಂಗಿ ಬೆವರಿನಿಂದ ಮೈಗೆ ಹತ್ತಿದ್ದು ಕಂಡಿತು. ಓಡಿಹೋಗಿ ಗಾಡಿ ಬಿಟ್ಟ. ಎಲ್ಲೂ ನಿಲ್ಲಿಸಲಿಲ್ಲ, ರಾಜೇಶ್ವರದಲ್ಲೂ ನಿಲ್ಲಿಸಲಿಲ್ಲ. ಉಸ್ತಾದರ ಹೆಂಡತಿ ಗಂಡ ಬರುವ ಹೊತ್ತೆಂದು ರಸ್ತೆಗೆ ಬಂದು ನಿಂತಿದ್ದರು. ನಿಲ್ಲದೆ ಹೋದ ಗಾಡಿಯನ್ನು ನೋಡಿ, ಇವರಿಗೆ ಮಂದಿಯ ಕಾಳಜಿಯೇ ಇಲ್ಲ ಎಂದು ಬೈದುಕೊಂಡು ಒಳಗೆ ಹೋದರಂತೆ.

ಇತ್ತ ಹುಮನಾಬಾದಿನಲ್ಲಿ ಸಣ್ಣ ಸಾವಕಾರರು ಬುಕಿಂಗ್ ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಮ್ಮ ಹುಕುಮಿನ ಪ್ರಕಾರ ಗಾಡಿ ಇನ್ನೂ ಬಸವಕಲ್ಯಾಣದಲ್ಲೇ ಇರಬೇಕಾದ ಹೊತ್ತಿಗೆ ಅದು ಧೂಳೆಬ್ಬಿಸಿಕೊಂಡು ಬಂದು ನಿಂತಿತು, ಅರ್ಧ ಖಾಲಿ. ವ್ಯಾಪಾರಿಗಳೊಬ್ಬರೂ ಇಲ್ಲ. ಸಾವಕಾರರು ಎದ್ದು ಡ್ರೈವರನ ಬಾಗಿಲಿಗೇ ಹೋದರು.

“ಯಾರ ಹುಕುಂದಿಂದ ಬಿಟ್ಟಿ?”

ಅವನು ಸ್ಟೇರಿಂಗ್ ಬಿಡದೆ, ಅವರ ಮುಖ ನೋಡದೆ ಹೇಳಿದ: “ಹಿಂದಿನ ಸೀಟಿನವರಿಗೆ ಅವಸರ ಇತ್ತರಿ.”

ನಾನು ಹಿಂದಿನ ಬಾಗಿಲಿನಿಂದ ಹತ್ತಿದೆ. ಉಸ್ತಾದ ಕಿಟಕಿಯ ಸರಳಿಗೆ ತಲೆಯಿಟ್ಟು ಕೂತಿದ್ದರು. ಮಡಿಲಲ್ಲಿ ಟ್ರ್ಯಾಕ್ಟರಿನ ಬೆಲ್ಟು, ಪಕ್ಕದಲ್ಲಿ ಬಿಚ್ಚದ ಬುತ್ತಿಯ ಗಂಟು. ಹುಮನಾಬಾದ ಬಂತು ಉಸ್ತಾದ, ಇಳೀರಿ ಅಂದೆ. ಮತ್ತೆ ಅಂದೆ. ಸಣ್ಣ ಸಾವಕಾರರು ನನ್ನ ಹಿಂದೆಯೇ ಹತ್ತಿ ಬಂದಿದ್ದರು. ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಂದು ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಹೋಗಲಿ ಎಂಬ ಇಚ್ಛೆಯೂ ಇಲ್ಲ. ಉಸ್ತಾದರ ಕೈ ಹಿಡಿದು ನೋಡಿದೆ. ನಾಡಿ ಸಿಗಲಿಲ್ಲ, ಬಿಸಿ ಇನ್ನೂ ಇತ್ತು. ಅವರು ತಲೆಯಿಟ್ಟಿದ್ದ ಕಿಟಕಿಯಿಂದ, ರಸ್ತೆಯ ಆಚೆ, ದವಾಖಾನೆಯ ಬಾಗಿಲು ಕಾಣುತ್ತಿತ್ತು.